ಯಂತ್ರದಿಂದ ಒಂದು ಮೀಟರ್: ರೋಗಿಯ ಹಾಸಿಗೆಯ ಬಳಿ ಮೊಬೈಲ್ ಇಟ್ಟುಕೊಳ್ಳುವ ಕ್ರಮ

ನಾನು ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಬಯೋಮೆಡಿಕಲ್ ಎಂಜಿನಿಯರ್. ತೀವ್ರ ನಿಗಾ ಘಟಕದ ಮಾನಿಟರ್, ವೆಂಟಿಲೇಟರ್, ಔಷಧವನ್ನು ಅಳತೆಯಂತೆ ದೇಹಕ್ಕೆ ತಳ್ಳುವ ಸಿರಿಂಜ್ ಪಂಪ್, ಶಾಕ್ ಕೊಟ್ಟು ಹೃದಯದ ಲಯ ಸರಿಪಡಿಸುವ ಡಿಫಿಬ್ರಿಲೇಟರ್‌ಗಳನ್ನು ಬಿಚ್ಚಿ ನೋಡುವುದು, ಸರಿಪಡಿಸಿ ಪರೀಕ್ಷಿಸುವುದು, ಮತ್ತೆ ರೋಗಿಯ ಬಳಿಗೆ ಕಳಿಸುವುದು ನನ್ನ ದಿನನಿತ್ಯದ ಕೆಲಸ. ಉಪಕರಣದ ಪೆಟ್ಟಿಗೆ ಹಿಡಿದು ವಾರ್ಡಿಗೆ ಹೋದಾಗ ರೋಗಿಯ ಕಡೆಯವರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಮೇಡಂ, ಇಲ್ಲಿ ಫೋನ್ ಬಳಸಬಹುದೇ?" ಗೋಡೆಯ ಮೇಲೆ ಮೊಬೈಲ್ ನಿಷೇಧದ ಫಲಕ ಇರುತ್ತದೆ. ಅದರ ಪಕ್ಕದಲ್ಲೇ ನಿಂತು ವೈದ್ಯರೊಬ್ಬರು ಫೋನಿನಲ್ಲಿ ಮಾತನಾಡುತ್ತಿರುತ್ತಾರೆ. ಫಲಕವನ್ನು ನಂಬಬೇಕೋ ವೈದ್ಯರನ್ನು ನಂಬಬೇಕೋ ಅವರಿಗೆ ತಿಳಿಯುವುದಿಲ್ಲ.

ನಾನು ಹೇಳುವುದು ದೂರದ ಲೆಕ್ಕ. ರೋಗಿಗೆ ಜೋಡಿಸಿದ ಯಾವುದೇ ಯಂತ್ರದಿಂದ, ಅದರ ತಂತಿ, ಕೊಳವೆ, ಕೇಬಲ್‌ಗಳಿಂದ ಮೊಬೈಲ್ ಒಂದು ಮೀಟರ್ ಆಚೆ ಇರಲಿ. ಹಳೆಯ 2ಜಿ ಫೋನ್ ಆಗಿದ್ದರೆ ಮೂರು ಮೀಟರ್ ಇರಲಿ. ಯಂತ್ರದ ಮೇಲೆ, ಯಂತ್ರದ ಸ್ಟ್ಯಾಂಡಿನಲ್ಲಿ, ರೋಗಿಯ ದಿಂಬಿನ ಕೆಳಗೆ ಎಂದಿಗೂ ಬೇಡ. ಈ ಅಳತೆ ಎಲ್ಲಿಂದ ಬಂತು ಎಂಬುದು ಗೊತ್ತಿದ್ದರೆ ಫಲಕ ಇಲ್ಲದ ಕಡೆಯೂ ನೀವೇ ನಿರ್ಧರಿಸಬಹುದು. ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ಅಳತೆಯ ಹಿಂದಿನ ಲೆಕ್ಕ

ಮೊಬೈಲ್ ಒಂದು ಪುಟ್ಟ ರೇಡಿಯೋ ಪ್ರಸಾರ ಕೇಂದ್ರ. 2ಜಿ ಜಿಎಸ್‌ಎಂ ಫೋನ್ 900 ಮೆಗಾಹರ್ಟ್ಸ್‌ನಲ್ಲಿ ಗರಿಷ್ಠ 2 ವ್ಯಾಟ್ ಶಕ್ತಿಯಿಂದ ಪ್ರಸಾರ ಮಾಡಬಲ್ಲದು. 4ಜಿ ಫೋನಿನ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್. ಈ ಹತ್ತು ಪಟ್ಟಿನ ವ್ಯತ್ಯಾಸ ಬಹಳ ಮುಖ್ಯ. ಹಿಂದಿನ ಕಾಲದ ಭಯ ಇಂದಿನ ಫೋನುಗಳಿಗೆ ಅದೇ ಪ್ರಮಾಣದಲ್ಲಿ ಅನ್ವಯಿಸದಿರಲು ಇದೇ ಮೊದಲ ಕಾರಣ.

ಅಲೆಯ ಬಲವನ್ನು ಪ್ರತಿ ಮೀಟರ್‌ಗೆ ಇಷ್ಟು ವೋಲ್ಟ್ ಎಂದು ಅಳೆಯುತ್ತಾರೆ. ಮುಂದೆ ಇದನ್ನೇ ಚಿಕ್ಕದಾಗಿ ವೋಲ್ಟ್ ಎನ್ನುತ್ತೇನೆ. ಒರಟು ಲೆಕ್ಕಕ್ಕೆ ಒಂದು ಸೂತ್ರವಿದೆ: ಶಕ್ತಿಯ ವರ್ಗಮೂಲವನ್ನು 6ರಿಂದ ಗುಣಿಸಿ, ಮೀಟರ್ ಲೆಕ್ಕದ ದೂರದಿಂದ ಭಾಗಿಸಿ. 0.2 ವ್ಯಾಟ್‌ನ ಫೋನ್ ಒಂದು ಮೀಟರ್ ದೂರದಲ್ಲಿ ಸುಮಾರು 2.7 ವೋಲ್ಟ್ ಬಲ ಉಂಟುಮಾಡುತ್ತದೆ. 2 ವ್ಯಾಟ್‌ನ ಫೋನ್ ಅದೇ ದೂರದಲ್ಲಿ ಸುಮಾರು 8.5, ಮೂರು ಮೀಟರ್ ದೂರದಲ್ಲಿ 2.8. ಇನ್ನು ಯಂತ್ರದ ಕಡೆ ನೋಡೋಣ. ವೈದ್ಯಕೀಯ ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-1-2. ಅದರ 2001ರ ಆವೃತ್ತಿಯಂತೆ ಸಾಮಾನ್ಯ ಯಂತ್ರ 3 ವೋಲ್ಟ್ ಬಲದ ಅಲೆಯನ್ನೂ ಜೀವರಕ್ಷಕ ಯಂತ್ರ 10 ವೋಲ್ಟ್ ಬಲದ ಅಲೆಯನ್ನೂ ತಡೆದುಕೊಳ್ಳಬೇಕಿತ್ತು. ಒಂದು ಮೀಟರ್ ಮತ್ತು ಮೂರು ಮೀಟರ್ ಎಂಬ ನನ್ನ ಅಳತೆ ಈ 3ರ ಗೆರೆಯ ಕೆಳಗೆ ಉಳಿಯುವ ಅಳತೆ.

2014ರಲ್ಲಿ ಬಂದ ನಾಲ್ಕನೆಯ ಆವೃತ್ತಿ ಫೋನ್ ಹಾಸಿಗೆಯ ಪಕ್ಕಕ್ಕೇ ಬಂದಿದೆ ಎಂಬುದನ್ನು ಒಪ್ಪಿಕೊಂಡಿತು. 30 ಸೆಂಟಿಮೀಟರ್ ದೂರದಲ್ಲಿ ಫೋನ್, ವೈಫೈ, ವಾಕಿಟಾಕಿ ಇದ್ದರೂ ಯಂತ್ರ ಸರಿಯಾಗಿ ನಡೆಯಬೇಕು ಎಂದು ಹೇಳಿ, ಬೇರೆ ಬೇರೆ ತರಂಗಾಂತರಗಳಿಗೆ 9ರಿಂದ 28 ವೋಲ್ಟ್‌ವರೆಗಿನ ಪರೀಕ್ಷೆ ಇಟ್ಟಿತು. ಹೊಸ ಯಂತ್ರಗಳ ಕೈಪಿಡಿಯಲ್ಲಿ "ರೇಡಿಯೋ ಸಂಪರ್ಕ ಸಾಧನಗಳನ್ನು 30 ಸೆಂಟಿಮೀಟರ್‌ಗಿಂತ ಹತ್ತಿರ ಬಳಸಬೇಡಿ" ಎಂಬ ಸಾಲು ಕಾಣುವುದು ಇದರಿಂದಾಗಿ. ಹಾಗಾದರೆ 30 ಸೆಂಟಿಮೀಟರ್ ಸಾಕಲ್ಲವೇ ಎಂದು ನೀವು ಕೇಳಬಹುದು. ಹೊಸ ಯಂತ್ರವೊಂದೇ ಇದ್ದರೆ ಸಾಕು. ಆದರೆ ಒಂದೇ ಹಾಸಿಗೆಯ ಸುತ್ತ ಹೊಸ ವೆಂಟಿಲೇಟರ್ ಜೊತೆಗೆ ಹತ್ತು ಹದಿನೈದು ವರ್ಷ ಹಳೆಯ ಪಂಪ್ ಕೂಡ ನಿಂತಿರುತ್ತದೆ. ಯಾವುದು ಯಾವ ಆವೃತ್ತಿಯದು ಎಂಬುದು ಹೊರಗಿನವರಿಗೆ ತಿಳಿಯುವ ಮಾತಲ್ಲ. ಅದಕ್ಕೇ ಒಂದು ಮೀಟರ್.

ಎರಡನೆಯ ಸಂಗತಿ: ಫೋನ್ ಯಾವಾಗಲೂ ಒಂದೇ ಬಲದಲ್ಲಿ ಪ್ರಸಾರ ಮಾಡುವುದಿಲ್ಲ. ಟವರಿನ ಸಿಗ್ನಲ್ ಚೆನ್ನಾಗಿದ್ದರೆ ಅದು ಮೆಲ್ಲಗೆ ಮಾತನಾಡುತ್ತದೆ. ಸಿಗ್ನಲ್ ಕ್ಷೀಣಿಸಿದರೆ, ದೂರ ನಿಂತವರನ್ನು ಕೂಗಿ ಕರೆಯುವವರಂತೆ ಪೂರ್ತಿ ದನಿ ಎತ್ತುತ್ತದೆ. ನೆಲಮಾಳಿಗೆ, ಎಕ್ಸ್‌ರೇ ವಿಭಾಗದ ದಪ್ಪ ಗೋಡೆಯ ಕೋಣೆ, ಲಿಫ್ಟ್ ಇವೆಲ್ಲ ಫೋನ್ ಪೂರ್ತಿ ಬಲದಲ್ಲಿ ಕೂಗುವ ಜಾಗಗಳು. ಪರದೆಯಲ್ಲಿ ಒಂದೇ ಕಡ್ಡಿ ತೋರಿಸುತ್ತಿದ್ದರೆ ಫೋನ್ ದುರ್ಬಲವಾಗಿದೆ ಎಂದುಕೊಳ್ಳಬೇಡಿ. ನನ್ನ ಲೆಕ್ಕದಲ್ಲಿ ಅದು ಅತ್ಯಂತ ಜೋರಾಗಿರುವ ಹೊತ್ತು.

ಇನ್ನೊಂದು ಮಾತು. ಫೋನನ್ನು ಸೈಲೆಂಟ್‌ಗೆ ಹಾಕುವುದರಿಂದ ಅಲೆಗಳ ಮಟ್ಟಿಗೆ ಏನೂ ಬದಲಾಗುವುದಿಲ್ಲ. ಜೇಬಿನಲ್ಲಿ ಸುಮ್ಮನಿರುವ ಫೋನ್ ಕೂಡ ಆಗಾಗ ಟವರಿನೊಂದಿಗೆ ಮಾತನಾಡುತ್ತದೆ. ಕರೆ ಬಂದಾಗ ರಿಂಗ್ ಕೇಳುವ ಮೊದಲೇ ಅದು ಪ್ರಸಾರ ಆರಂಭಿಸಿರುತ್ತದೆ. ಹಳೆಯ ಸ್ಪೀಕರಿನ ಪಕ್ಕ 2ಜಿ ಫೋನ್ ಇಟ್ಟವರಿಗೆ ಇದು ಗೊತ್ತು: ಮೊದಲು ಸ್ಪೀಕರ್ ಗುರ್‌ಗುಟ್ಟುತ್ತದೆ, ಆಮೇಲೆ ಫೋನ್ ರಿಂಗಾಗುತ್ತದೆ.

ಯಂತ್ರದೊಳಗೆ ಏನಾಗುತ್ತದೆ

ಹೃದಯದ ವಿದ್ಯುತ್ ಸಂಕೇತ ಚರ್ಮದ ಮೇಲೆ ಸಿಗುವುದು ಸುಮಾರು ಒಂದು ಮಿಲಿವೋಲ್ಟ್. ಮೆದುಳಿನದು ಅದಕ್ಕಿಂತಲೂ ಬಹಳ ಸಣ್ಣದು, ಹತ್ತಾರು ಮೈಕ್ರೋವೋಲ್ಟ್. ಇಷ್ಟು ಸೂಕ್ಷ್ಮ ಸಂಕೇತವನ್ನು ಹಿಡಿಯುವ ಯಂತ್ರಕ್ಕೆ ರೋಗಿಯ ಎದೆಯಿಂದ ಬರುವ ಉದ್ದನೆಯ ಲೀಡ್ ತಂತಿಗಳಿವೆ. ಆ ತಂತಿಗಳೇ ಆಂಟೆನಾಗಳಾಗುತ್ತವೆ. ಮಾನಿಟರಿನ ಪೆಟ್ಟಿಗೆಯಿಂದ ಎರಡು ಮೀಟರ್ ದೂರ ನಿಂತಿದ್ದೇನೆ ಎಂದುಕೊಂಡು ಲೀಡ್ ತಂತಿಯ ಪಕ್ಕದಲ್ಲೇ ಫೋನ್ ಹಿಡಿದವರನ್ನು ನಾನು ದಿನವೂ ನೋಡುತ್ತೇನೆ. ದೂರವನ್ನು ಪೆಟ್ಟಿಗೆಯಿಂದ ಅಳೆಯಬೇಡಿ, ತಂತಿಯಿಂದ ಅಳೆಯಿರಿ.

ಫೋನಿನ 900 ಮೆಗಾಹರ್ಟ್ಸ್ ಅಲೆಯನ್ನು ಇಸಿಜಿ ಯಂತ್ರ ನೇರವಾಗಿ ಕೇಳಿಸಿಕೊಳ್ಳುವುದಿಲ್ಲ. ತೊಂದರೆ ಬರುವುದು ಆ ಅಲೆ ಹತ್ತಿ ಆರುವ ಲಯದಿಂದ. ಜಿಎಸ್‌ಎಂ ಫೋನ್ ಸೆಕೆಂಡಿಗೆ ಸುಮಾರು 217 ಬಾರಿ ಚಿಕ್ಕ ಚಿಕ್ಕ ಸಿಡಿತಗಳಲ್ಲಿ ಪ್ರಸಾರ ಮಾಡುತ್ತದೆ. ಆಂಪ್ಲಿಫೈಯರಿನ ಒಳಗಿನ ಡಯೋಡು, ಟ್ರಾನ್ಸಿಸ್ಟರುಗಳು ವೇಗದ ಅಲೆಯನ್ನು ಕಳಚಿ ಈ ನಿಧಾನದ ಲಯವನ್ನಷ್ಟೇ ಉಳಿಸಿಕೊಳ್ಳುತ್ತವೆ. ಹಾಸಿಗೆಯ ಪಕ್ಕದ ಮಾನಿಟರ್ ಸಾಮಾನ್ಯವಾಗಿ 0.5ರಿಂದ 40 ಹರ್ಟ್ಸ್‌ವರೆಗಿನ ಸಂಕೇತವನ್ನು ತೋರಿಸುವುದರಿಂದ 217 ಬಹುಪಾಲು ಸೋಸಿಹೋಗುತ್ತದೆ. ಆದರೆ ಕರೆಯ ನಡುವೆ ಮಾತು ನಿಂತಾಗ ಫೋನ್ ಪ್ರಸಾರವನ್ನು ಇನ್ನಷ್ಟು ಬಿಡಿಬಿಡಿಯಾಗಿಸುತ್ತದೆ. ಆಗ 8 ಹರ್ಟ್ಸ್ ಮತ್ತು 2 ಹರ್ಟ್ಸ್ ಲಯಗಳು ಹುಟ್ಟುತ್ತವೆ. 2 ಹರ್ಟ್ಸ್ ಎಂದರೆ ನಿಮಿಷಕ್ಕೆ 120. ಅದು ಹೃದಯ ಬಡಿತದ ವೇಗವೇ. ಸೋಸುವ ಫಿಲ್ಟರಿಗೆ ಅದನ್ನು ಹೃದಯದಿಂದ ಬೇರ್ಪಡಿಸಲು ಬರುವುದಿಲ್ಲ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಎಚ್ಚರಿಕೆ ಬೇಡುವ ಸಂಖ್ಯೆ ಇನ್ನೊಂದಿಲ್ಲ ಎಂದೇ ನಾನು ತಿಳಿದಿದ್ದೇನೆ.

ಸಿರಿಂಜ್ ಪಂಪಿನ ವಿಷಯ ಬೇರೆ. ಸಿರಿಂಜಿನ ದಂಡವನ್ನು ತಳ್ಳುವಾಗ ಎಷ್ಟು ಒತ್ತಡ ಬೀಳುತ್ತಿದೆ ಎಂದು ಅಳೆಯುವ ಒಂದು ಸಂವೇದಕ ಅದರಲ್ಲಿದೆ. ಕೊಳವೆ ಮಡಚಿಕೊಂಡರೆ ಒತ್ತಡ ಏರುತ್ತದೆ, ಪಂಪ್ ನಿಂತು ಅಲಾರ್ಮ್ ಕೊಡುತ್ತದೆ. ಆ ಸಂವೇದಕದ ಸಂಕೇತವೂ ಮಿಲಿವೋಲ್ಟ್ ಲೆಕ್ಕದ್ದು. ಪಂಪಿಗೆ ಒರಗಿಸಿಟ್ಟ ಫೋನ್ ಅದಕ್ಕೆ ಸುಳ್ಳು ಒತ್ತಡ ಕಾಣಿಸಿದರೆ, ಕೊಳವೆ ಸರಿಯಾಗಿದ್ದರೂ ಪಂಪ್ ನಿಲ್ಲಬಹುದು. ನಿಂತು ಕೂಗುವುದು ಯಂತ್ರದ ಮಟ್ಟಿಗೆ ಸುರಕ್ಷಿತ ನಡೆ. ಆದರೆ ಅದರಲ್ಲಿ ಹರಿಯುತ್ತಿರುವುದು ರಕ್ತದೊತ್ತಡ ಹಿಡಿದಿಡುವ ನಾರ್‌ಅಡ್ರಿನಲಿನ್ ಆಗಿದ್ದರೆ? ದೇಹದಲ್ಲಿ ಆ ಔಷಧದ ಪರಿಣಾಮ ಕೆಲವೇ ನಿಮಿಷ ಉಳಿಯುತ್ತದೆ. ಪಂಪ್ ನಿಂತ ಪ್ರತಿ ನಿಮಿಷವೂ ರೋಗಿಗೆ ಭಾರ.

ಅಧ್ಯಯನಗಳು ಒಂದಕ್ಕೊಂದು ವಿರುದ್ಧವೇ?

1997ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ 178 ಮಾದರಿಯ ಯಂತ್ರಗಳನ್ನು ಪರೀಕ್ಷಿಸಿತು. ಒಂದು ಮೀಟರ್ ದೂರದ ಮೊಬೈಲ್‌ನಿಂದ ಶೇ. 4ರಷ್ಟು ಯಂತ್ರಗಳಿಗೆ ಅಡಚಣೆಯಾಯಿತು. ಅದೇ ದೂರದಲ್ಲಿ ತುರ್ತು ಸೇವೆಯವರ ರೇಡಿಯೋ ಇಟ್ಟಾಗ ಶೇ. 41ರಷ್ಟಕ್ಕೆ ಅಡಚಣೆಯಾಯಿತು. 2007ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ತೀವ್ರ ನಿಗಾ ಘಟಕದ 61 ಯಂತ್ರಗಳನ್ನು ಪರೀಕ್ಷಿಸಿದಾಗ 26ರಲ್ಲಿ ಅಡಚಣೆ ಕಂಡಿತು. ಅದೇ ವರ್ಷ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ರೋಗಿಗಳ ಕೋಣೆಗಳಲ್ಲೇ ಸಾಮಾನ್ಯ ಬಳಕೆಯಂತೆ ಫೋನ್ ಹಿಡಿದು 300 ಪರೀಕ್ಷೆ ಮಾಡಿದರು. ಒಂದರಲ್ಲೂ ಚಿಕಿತ್ಸೆಗೆ ತೊಂದರೆ ಕಾಣಲಿಲ್ಲ.

ಒಂದನ್ನು ಓದಿದವರು ಹೆದರುತ್ತಾರೆ, ಇನ್ನೊಂದನ್ನು ಓದಿದವರು ಫಲಕ ಕಿತ್ತುಹಾಕಿ ಎನ್ನುತ್ತಾರೆ. ನಾನು ಎರಡನ್ನೂ ಒಟ್ಟಿಗಿಟ್ಟು ಓದುತ್ತೇನೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಲೆಗಳನ್ನು ಗರಿಷ್ಠ ಬಲದಲ್ಲಿ ಹಿಡಿದು ಯಂತ್ರದ ಹತ್ತಿರ ಹತ್ತಿರ ತಂದಿದ್ದರು. ಅಡಚಣೆ ಕಂಡ ದೂರದ ಮಧ್ಯಾಂಕ ಕೇವಲ 3 ಸೆಂಟಿಮೀಟರ್. ಮೇಯೋದಲ್ಲಿ ಜನ ನಿಜವಾಗಿ ಮಾತನಾಡುವ ರೀತಿಯಲ್ಲಿ ಫೋನ್ ಬಳಸಿದ್ದರು. ಕೆಟ್ಟ ಸಂದರ್ಭದಲ್ಲಿ, ತೀರಾ ಹತ್ತಿರದಲ್ಲಿ ಅಪಾಯ ನಿಜ. ಸ್ವಲ್ಪ ದೂರ ಸರಿದರೆ ಅದು ಬೇಗನೆ ಕರಗುತ್ತದೆ. ಎರಡೂ ಅಧ್ಯಯನಗಳು ಹೇಳುವುದು ಇದನ್ನೇ. ಆಮ್‌ಸ್ಟರ್‌ಡ್ಯಾಮ್‌ನವರಿಗೆ ಒಂದು ಮೀಟರಿಗಿಂತ ಆಚೆಯೂ ಒಂದು ಅಪಾಯಕಾರಿ ಘಟನೆ ಸಿಕ್ಕಿತ್ತು ಎಂಬುದನ್ನು ನಾನು ಮರೆಯುವುದಿಲ್ಲ. ಮುಂದೆ ಹೇಳುವ ಎಚ್ಚರಗಳು ಅದಕ್ಕಾಗಿ.

ಪೂರ್ತಿ ನಿಷೇಧ ನನಗೆ ಒಪ್ಪಿಗೆಯಿಲ್ಲ. ನಿಷೇಧದಿಂದ ಫೋನ್ ಕೋಣೆ ಬಿಟ್ಟು ಹೋಗುವುದಿಲ್ಲ, ಹೊದಿಕೆಯ ಕೆಳಗೆ ಹೋಗುತ್ತದೆ. ಬಹಿರಂಗವಾಗಿ ಕಿಟಕಿಯ ಕಟ್ಟೆಯ ಮೇಲೆ ಇರುವ ಫೋನಿಗಿಂತ, ಬೈಯುತ್ತಾರೆಂದು ಹೆದರಿ ಲೀಡ್ ತಂತಿಗಳ ನಡುವೆ ಬಚ್ಚಿಟ್ಟ ಫೋನ್ ಎಷ್ಟೋ ಅಪಾಯಕಾರಿ. ಜೊತೆಗೆ, ಹೊರಗೆ ಕಾಯುವ ಮನೆಯವರ ದನಿ ಕೇಳಿಸಿಕೊಳ್ಳುವುದು ರೋಗಿಗೆ ಎಂಥ ಬಲ ಎಂಬುದನ್ನು ವಾರ್ಡಿನಲ್ಲಿ ಓಡಾಡುವ ನಾನು ಕಂಡಿದ್ದೇನೆ. ಅದನ್ನು ಕಾರಣವಿಲ್ಲದೆ ಕಿತ್ತುಕೊಳ್ಳಬಾರದು.

ರೋಗಿಯನ್ನು ನೋಡಲು ಹೋದಾಗ

ಕೋಣೆಗೆ ಕಾಲಿಟ್ಟ ಕೂಡಲೇ ಹಾಸಿಗೆಯ ಸುತ್ತ ಒಮ್ಮೆ ಕಣ್ಣಾಡಿಸಿ. ಯಾವ ಕಡೆ ಯಂತ್ರಗಳಿವೆ, ತಂತಿಗಳು ಯಾವ ಕಡೆಯಿಂದ ಹೋಗಿವೆ ಎಂದು ನೋಡಿ. ಯಂತ್ರಗಳಿಲ್ಲದ ಮಗ್ಗುಲಿನಲ್ಲಿ ಕುಳಿತುಕೊಳ್ಳಿ. ಮಾತನಾಡಬೇಕಾದರೆ ಬಾಗಿಲ ಬಳಿ ಅಥವಾ ಕಿಟಕಿಯ ಬಳಿ ಹೋಗಿ. ಕಿಟಕಿಯ ಬಳಿ ಸಿಗ್ನಲ್ ಚೆನ್ನಾಗಿರುವುದರಿಂದ ಫೋನಿನ ಪ್ರಸಾರವೂ ಕಡಿಮೆಯಾಗುತ್ತದೆ, ಇದು ಎರಡು ಕಡೆಯ ಲಾಭ.

ರೋಗಿಗೆ ವೀಡಿಯೋ ಕರೆ ಮಾಡಿಸಬೇಕಾದರೆ ನರ್ಸ್ ಅವರನ್ನು ಕೇಳಿಯೇ ಮಾಡಿ. ಅವರು ಬೇಡ ಎಂದರೆ ಅದಕ್ಕೆ ಕಾರಣ ಇರುತ್ತದೆ. ಒಪ್ಪಿದರೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಮಾತ್ರ ಆನ್ ಮಾಡಿ, ಕೈ ಚಾಚಿ ಹಿಡಿದುಕೊಳ್ಳಿ. ವೈಫೈನ ಶಕ್ತಿ ಸಾಮಾನ್ಯವಾಗಿ 0.1 ವ್ಯಾಟ್‌ನ ಆಸುಪಾಸು, ಸಿಗ್ನಲ್ ಸಿಗದೆ ಪರದಾಡುವ ಫೋನಿಗಿಂತ ಕಡಿಮೆ. ಎದೆಯ ಮೇಲೆ, ತಂತಿಗಳ ಮೇಲೆ ಫೋನ್ ಮಲಗಿಸಿ ಬಿಟ್ಟು ಹೋಗಬೇಡಿ.

ಚಾರ್ಜರ್ ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಯಂತ್ರಗಳ ಪ್ಲಗ್ ಇರುವ ಬೋರ್ಡಿಗೆ ಫೋನ್ ಚಾರ್ಜರ್ ಚುಚ್ಚಬೇಡಿ. ಕಳಪೆ ಚಾರ್ಜರಿನ ಒಳಗಿನ ಸ್ವಿಚಿಂಗ್ ಸರ್ಕ್ಯೂಟ್ ವಿದ್ಯುತ್ ತಂತಿಯ ಮೂಲಕವೇ ಗದ್ದಲ ಹರಡುತ್ತದೆ. ಅದರೊಳಗಿನ ವಿದ್ಯುತ್ ತಡೆಯುವ ಪದರ (ಇನ್ಸುಲೇಷನ್) ಕೆಟ್ಟಿದ್ದರೆ ಸೋರುವ ವಿದ್ಯುತ್ ಫೋನಿನ ಲೋಹದ ಅಂಚಿನವರೆಗೂ ಬರಬಹುದು. ಆರೋಗ್ಯವಂತರಿಗೆ ಅದು ಚುರುಗುಟ್ಟುವಿಕೆ ಮಾತ್ರ. ಹೃದಯದ ಹತ್ತಿರದವರೆಗೆ ಕೊಳವೆ, ತಂತಿ ಹಾಕಿಸಿಕೊಂಡ ರೋಗಿಗೆ ಅಷ್ಟೂ ಅಪಾಯ. ಇನ್ನೂ ಕೆಟ್ಟದ್ದೆಂದರೆ, ಖಾಲಿ ಸಾಕೆಟ್ ಸಿಗದೆ ಯಂತ್ರದ ಪ್ಲಗ್ ಕಿತ್ತು ಚಾರ್ಜರ್ ಹಾಕುವುದು. ಯಂತ್ರ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಬ್ಯಾಟರಿ ಮುಗಿದಾಗ ಗೊತ್ತಾಗುತ್ತದೆ.

ಎಂಆರ್‌ಐ ಕೋಣೆಯ ನಿಯಮವೇ ಬೇರೆ. ಅಲ್ಲಿ ಫೋನ್ ಯಾವ ಮೋಡಿನಲ್ಲಿದ್ದರೂ ಹೊರಗೇ ಇರಬೇಕು. 1.5 ಅಥವಾ 3 ಟೆಸ್ಲಾ (ಆಯಸ್ಕಾಂತದ ಬಲದ ಅಳತೆ) ಬಲದ ಅಲ್ಲಿನ ಆಯಸ್ಕಾಂತ ಸ್ಕ್ಯಾನ್ ನಡೆಯದಿರುವಾಗಲೂ ಎಳೆಯುತ್ತಲೇ ಇರುತ್ತದೆ.

ಪೇಸ್‌ಮೇಕರ್ ಹಾಕಿಸಿಕೊಂಡವರು

ಪೇಸ್‌ಮೇಕರ್ ಅಥವಾ ಎದೆಯೊಳಗಿನ ಡಿಫಿಬ್ರಿಲೇಟರ್ ಇದ್ದವರಿಗೆ ಫೋನ್ ಬಿಡಬೇಕಾಗಿಲ್ಲ. 15 ಸೆಂಟಿಮೀಟರ್ ದೂರ ಇಟ್ಟರೆ ಸಾಕು. ಸಾಧನ ಎಡಗಡೆ ಇದ್ದರೆ ಬಲಗಿವಿಗೆ ಹಿಡಿಯಿರಿ. ಅಂಗಿಯ ಎದೆಯ ಜೇಬಿನಲ್ಲಿ ಇಡಬೇಡಿ. ಎದೆಯ ಮೇಲೆ ಫೋನ್ ಇಟ್ಟುಕೊಂಡು ನಿದ್ದೆ ಹೋಗಬೇಡಿ.

ಈ ಸಲಹೆಗೆ ಗಟ್ಟಿ ಆಧಾರವಿದೆ. 1997ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ 980 ರೋಗಿಗಳ ಮೇಲೆ 5,533 ಪರೀಕ್ಷೆಗಳು ನಡೆದವು. ಶೇ. 20ರಷ್ಟು ಪರೀಕ್ಷೆಗಳಲ್ಲಿ ಯಾವುದಾದರೂ ಬಗೆಯ ಅಡಚಣೆ ಕಂಡಿತು, ಶೇ. 6.6ರಷ್ಟರಲ್ಲಿ ಅದು ವೈದ್ಯಕೀಯವಾಗಿ ಗಂಭೀರವಾಗಿತ್ತು. ಫೋನನ್ನು ಪೇಸ್‌ಮೇಕರಿನ ಮೇಲೆಯೇ ಹಿಡಿದಾಗ ತೊಂದರೆ ಹೆಚ್ಚು. ಎಂದಿನಂತೆ ಕಿವಿಗೆ ಹಿಡಿದಾಗ ಗಂಭೀರ ಅಡಚಣೆ ಒಮ್ಮೆಯೂ ಕಾಣಲಿಲ್ಲ. ಆಮೇಲೆ ಬಂದ ಪೇಸ್‌ಮೇಕರ್‌ಗಳಲ್ಲಿ ತಂತಿ ಒಳಹೋಗುವ ಜಾಗದಲ್ಲೇ ಫಿಲ್ಟರ್ ಇರುವುದರಿಂದ ರೇಡಿಯೋ ಅಲೆಗಳ ಭಯ ಇನ್ನೂ ತಗ್ಗಿದೆ.

ಆದರೆ ಹೊಸದೊಂದು ವಿಷಯ ಸೇರಿಕೊಂಡಿದೆ: ಆಯಸ್ಕಾಂತ. 2020ರಲ್ಲಿ ಬಂದ ಐಫೋನ್ 12ರಿಂದ ಮೊದಲ್ಗೊಂಡು ಹಲವು ಫೋನುಗಳ ಬೆನ್ನಿನಲ್ಲಿ ಚಾರ್ಜರ್ ಹಿಡಿದುಕೊಳ್ಳಲು ಆಯಸ್ಕಾಂತದ ಉಂಗುರ ಇದೆ. ಪೇಸ್‌ಮೇಕರ್ ಮತ್ತು ಡಿಫಿಬ್ರಿಲೇಟರ್‌ಗಳು ಆಯಸ್ಕಾಂತವನ್ನು ಗುರುತಿಸುವಂತೆಯೇ ತಯಾರಾಗಿರುತ್ತವೆ. ವೈದ್ಯರು ಆಯಸ್ಕಾಂತ ಇಟ್ಟರೆ ಪೇಸ್‌ಮೇಕರ್ ಹೃದಯದ ಮಾತು ಕೇಳುವುದನ್ನು ಬಿಟ್ಟು ನಿಗದಿತ ವೇಗದಲ್ಲಿ ಮಿಡಿಸುತ್ತದೆ, ಡಿಫಿಬ್ರಿಲೇಟರ್ ಶಾಕ್ ಕೊಡುವುದನ್ನು ತಡೆಹಿಡಿಯುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಬೇಕಾಗುವ ಅನುಕೂಲ ಇದು. ಎದೆಯ ಜೇಬಿನಲ್ಲಿರುವ ಫೋನ್ ಅದೇ ಕೆಲಸ ಮಾಡಿದರೆ, ಬೇಕಾದ ಹೊತ್ತಿಗೆ ಶಾಕ್ ಬರುವುದಿಲ್ಲ. ಹೀಗಾಗುವುದನ್ನು ವೈದ್ಯರು 2021ರಲ್ಲಿ ಐಫೋನ್ 12 ಹಿಡಿದು ತೋರಿಸಿಕೊಟ್ಟರು. ಕೆಲವು ಮಾದರಿಗಳು ಆಯಸ್ಕಾಂತ ಬಂದಾಗ ಸದ್ದು ಮಾಡುತ್ತವೆ, ಎಲ್ಲವೂ ಮಾಡುವುದಿಲ್ಲ. ರೋಗಿಗೆ ಏನೂ ತಿಳಿಯದೆ ಹೋಗಬಹುದು. ಫೋನ್ ದೂರ ಸರಿಸಿದರೆ ಸಾಧನ ತಾನಾಗಿ ಮೊದಲಿನ ಸ್ಥಿತಿಗೆ ಬರುತ್ತದೆ. ಫೋನ್ ತಯಾರಕರೇ ಹೇಳುವ ಅಳತೆ 15 ಸೆಂಟಿಮೀಟರ್, ವೈರ್‌ಲೆಸ್ ಚಾರ್ಜ್ ಆಗುತ್ತಿದ್ದರೆ 30. ಆಯಸ್ಕಾಂತವಿರುವ ಕವರ್, ಇಯರ್‌ಬಡ್‌ನ ಡಬ್ಬಿ ಇವಕ್ಕೂ ಇದೇ ಅಳತೆ ಪಾಲಿಸಿ.

ತಲೆಯೊಳಗಿನ ನೀರು ಹರಿಸಲು ಹಾಕುವ ಹೊಂದಿಸಬಲ್ಲ ಕವಾಟದ ಸೆಟ್ಟಿಂಗ್ ಕೂಡ ಆಯಸ್ಕಾಂತದಿಂದ ಬದಲಾಗಬಹುದು. ಅಂಥ ಕವಾಟವಿರುವ ಮಕ್ಕಳ ತಲೆಯ ಬಳಿ ಇಂಥ ಫೋನ್ ಇಡಬೇಡಿ.

ಇನ್ಸುಲಿನ್ ಪಂಪ್ ಅಥವಾ ಸಕ್ಕರೆ ಅಂಶ ಅಳೆಯುವ ಸೆನ್ಸರ್ ಬಳಸುವವರಿಗೆ ಬೇರೆಯೇ ಎಚ್ಚರ ಬೇಕು. ಅವರ ಫೋನ್ ಚಿಕಿತ್ಸೆಯ ಭಾಗವೇ ಆಗಿರುತ್ತದೆ. ಸಕ್ಕರೆ ಕುಸಿದಾಗ ಎಚ್ಚರಿಸುವುದು ಅದೇ. ಆಸ್ಪತ್ರೆಯಲ್ಲಿ ಯಾರಾದರೂ ಫೋನ್ ಆಫ್ ಮಾಡಿ ಎಂದರೆ ಈ ವಿಷಯ ತಿಳಿಸಿ. ಏರೋಪ್ಲೇನ್ ಮೋಡಿಗೆ ಹಾಕಿ ಬ್ಲೂಟೂತ್ ಆನ್ ಮಾಡಿದರೆ ಎರಡೂ ಕೆಲಸ ನಡೆಯುತ್ತದೆ. ಬ್ಲೂಟೂತ್ ಪ್ರಸಾರ ತೀರಾ ಚಿಕ್ಕದು.

ಮನೆಯಲ್ಲೇ ಯಂತ್ರ ಇದ್ದರೆ

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್, ಸಿಪ್ಯಾಪ್ (ನಿದ್ದೆಯಲ್ಲಿ ಉಸಿರಿನ ದಾರಿ ತೆರೆದಿಡಲು ಗಾಳಿ ಒತ್ತುವ ಯಂತ್ರ), ವೆಂಟಿಲೇಟರ್ ಇಟ್ಟುಕೊಂಡವರು ರಾತ್ರಿ ಫೋನನ್ನು ಯಂತ್ರವಿಲ್ಲದ ಮಗ್ಗುಲಿಗೆ ಇಡಿ, ಬೇರೆ ಸಾಕೆಟ್ಟಿನಲ್ಲಿ ಚಾರ್ಜ್ ಮಾಡಿ. ಮನೆ ಬಳಕೆಯ ಯಂತ್ರಗಳಿಗೆ 2014ರ ಮಾನದಂಡ 10 ವೋಲ್ಟ್‌ನ ಪರೀಕ್ಷೆ ಕೇಳುತ್ತದೆ. ಹಾಗಾಗಿ ಹೊಸ ಯಂತ್ರವಾದರೆ ಹೆಚ್ಚು ಚಿಂತೆ ಬೇಡ. ಬೇರೆ ಯಾರೋ ಬಳಸಿ ಕೊಟ್ಟ ಹಳೆಯ ಯಂತ್ರವಾದರೆ ಒಂದು ಮೀಟರ್ ದೂರವನ್ನು ತಪ್ಪದೆ ಪಾಲಿಸಿ. ಮಗುವಿನ ಉಸಿರಾಟ ಗಮನಿಸುವ ಮಾನಿಟರ್ ಬಹಳ ಸೂಕ್ಷ್ಮ. ಅದರ ತಂತಿಗಳ ಬಳಿ ಫೋನ್ ಹಿಡಿದು ಮಗುವಿನ ಫೋಟೋ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ, ಮೊದಲು ಏರೋಪ್ಲೇನ್ ಮೋಡಿಗೆ ಹಾಕಿಕೊಳ್ಳಿ.

ಆಸ್ಪತ್ರೆಯ ಸಿಬ್ಬಂದಿಗೆ

ಹೊರಗಿನವರಿಗಿಂತ ಯಂತ್ರದ ಹತ್ತಿರ ಹೆಚ್ಚು ಹೊತ್ತು ಇರುವುದು ನಾವು. ವೆಂಟಿಲೇಟರಿನ ಮೇಲ್ಭಾಗ ಸಮತಟ್ಟಾಗಿ, ಫೋನ್ ಇಡಲೆಂದೇ ಮಾಡಿದ ಹಾಗೆ ಕಾಣುತ್ತದೆ. ಅಲ್ಲಿ ಇಡಬೇಡಿ. ಪಂಪಿನ ಡೋಸ್ ಲೆಕ್ಕ ಹಾಕಲು ಫೋನ್ ತೆಗೆದರೆ, ಲೆಕ್ಕ ಮುಗಿದ ಮೇಲೆ ಅದು ಪಂಪಿಗೆ ಒರಗಿ ನಿಲ್ಲಬಾರದು. ಇಸಿಜಿ, ಇಇಜಿ (ಮೆದುಳಿನ ವಿದ್ಯುತ್ ಸಂಕೇತದ ದಾಖಲೆ) ತೆಗೆಯುವಾಗ ನಿಮ್ಮ ಜೇಬಿನಲ್ಲಿರುವ ಫೋನ್ ಕೂಡ ಲೀಡುಗಳ ಮೇಲೆ ಬಾಗಿರುತ್ತದೆ ಎಂಬುದು ನೆನಪಿರಲಿ.

ರೋಗಿಯನ್ನು ಲಿಫ್ಟಿನಲ್ಲಿ ಕರೆದೊಯ್ಯುವ ಹೊತ್ತಿನ ಬಗ್ಗೆ ನನಗೆ ವಿಶೇಷ ಕಾಳಜಿ. ಲೋಹದ ಪೆಟ್ಟಿಗೆಯೊಳಗೆ ಸಿಗ್ನಲ್ ಸಿಗದೆ ಎಲ್ಲರ ಫೋನೂ ಪೂರ್ತಿ ಬಲಕ್ಕೆ ಏರಿರುತ್ತದೆ. ಲೋಹದ ಗೋಡೆಗಳು ಅಲೆಯನ್ನು ಹಿಂದಕ್ಕೆ ಎಸೆಯುತ್ತವೆ. ಸ್ಟ್ರೆಚರಿನ ಸುತ್ತ ನಾಲ್ಕೈದು ಜನ ಒತ್ತಾಗಿ ನಿಂತಿರುತ್ತಾರೆ, ಸಾಗಣೆಯ ಮಾನಿಟರ್, ಪಂಪ್, ವೆಂಟಿಲೇಟರ್ ಎಲ್ಲರ ಜೇಬಿಗೆ ತಾಗುವಷ್ಟು ಹತ್ತಿರ ಇರುತ್ತವೆ. ಹೊರಡುವ ಮೊದಲು ತಂಡದವರೆಲ್ಲ ಏರೋಪ್ಲೇನ್ ಮೋಡಿಗೆ ಹಾಕಿಕೊಳ್ಳುವ ಅಭ್ಯಾಸ ಮಾಡಿ. ಬ್ಯಾಟರಿ, ಆಕ್ಸಿಜನ್ ಸಿಲಿಂಡರ್ ಪರಿಶೀಲಿಸುವ ಹೊತ್ತಿನಲ್ಲೇ ಇದೂ ಆಗಿಹೋಗಲಿ.

ವಾಕಿಟಾಕಿ ಮರೆಯಬೇಡಿ. ಭದ್ರತಾ ಸಿಬ್ಬಂದಿಯ 5 ವ್ಯಾಟ್ ವಾಕಿಟಾಕಿ ಒಂದು ಮೀಟರ್ ದೂರದಲ್ಲಿ ಸುಮಾರು 13 ವೋಲ್ಟ್ ಬಲ ಕೊಡುತ್ತದೆ. ಟವರ್ ಹತ್ತಿರವಿದೆಯೆಂದು ಅದು ದನಿ ತಗ್ಗಿಸುವುದೂ ಇಲ್ಲ. ಮೊಬೈಲ್ ಹಿಡಿದ ತಾಯಿಯನ್ನು ಹೊರಗೆ ಕಳಿಸಲು ಬಂದವರು ಸೊಂಟದಲ್ಲಿ ಅದಕ್ಕಿಂತ ಇಪ್ಪತ್ತೈದು ಪಟ್ಟು ಶಕ್ತಿಯ ಸಾಧನ ಸಿಕ್ಕಿಸಿಕೊಂಡು ಬಂದಿರುತ್ತಾರೆ. ಅವರ ತಪ್ಪಲ್ಲ, ಯಾರೂ ಅವರಿಗೆ ಹೇಳಿರುವುದಿಲ್ಲ. ಭದ್ರತಾ ಸಿಬ್ಬಂದಿಗೆ ಇದನ್ನು ಹೇಳಿಕೊಡುವುದು ಫಲಕ ತೂಗುಹಾಕುವುದಕ್ಕಿಂತ ಉಪಯುಕ್ತ ಕೆಲಸ.

ಅಡಚಣೆ ಕಂಡರೆ ಮಾಡಬೇಕಾದದ್ದು

ಮಾನಿಟರಿನ ಹಸಿರು ಗೆರೆ ಇದ್ದಕ್ಕಿದ್ದಂತೆ ದಪ್ಪಗಾಗುತ್ತದೆ. ಬಡಿತಗಳ ನಡುವಿನ ಸಮ ಭಾಗದಲ್ಲಿ ಒಂದೇ ಅಂತರದ ಚೂಪು ಮುಳ್ಳುಗಳು ಎದ್ದು ನಿಲ್ಲುತ್ತವೆ. ಹೃದಯ ಬಡಿತದ ಅಂಕಿ 80ರಿಂದ 140ಕ್ಕೆ ಹಾರಿ ಮತ್ತೆ ಇಳಿಯುತ್ತದೆ. ಪಕ್ಕದಲ್ಲೇ ಬೆರಳಿನ ಸೆನ್ಸರಿನಿಂದ ಬರುವ ನಾಡಿಯ ಅಂಕಿ ಮಾತ್ರ 80ರಲ್ಲೇ ಇರುತ್ತದೆ. ಈ ಎರಡು ಅಂಕಿಗಳು ಬೇರೆಯಾದಾಗ ನನಗೆ ಅಡಚಣೆಯ ಅನುಮಾನ ಬರುತ್ತದೆ. ಬೆರಳಿನ ಸೆನ್ಸರ್ ಬೆಳಕಿನಿಂದ ಅಳೆಯುವಂಥದ್ದು, ಅದರ ದಾರಿಯೇ ಬೇರೆ.

ಅನುಮಾನ ಬಂದರೂ ಮೊದಲು ನೋಡಬೇಕಾದದ್ದು ರೋಗಿಯನ್ನು. ಮುಖ ನೋಡಿ, ಮಾತನಾಡಿಸಿ, ಮಣಿಕಟ್ಟಿನ ನಾಡಿ ಹಿಡಿಯಿರಿ. ನಿಜವಾದ ಹೃದಯ ಸಮಸ್ಯೆಯನ್ನು ಯಾರದೋ ಫೋನಿನ ಕಾಟ ಎಂದು ತಳ್ಳಿಹಾಕುವುದು ಅಡಚಣೆಗಿಂತ ದೊಡ್ಡ ಅನಾಹುತ. ಅಲಾರ್ಮ್ ಆಫ್ ಮಾಡಬೇಡಿ. ರೋಗಿ ಕ್ಷೇಮ ಎಂದು ಖಚಿತವಾದ ಮೇಲೆ ಎದೆಗೆ ಅಂಟಿಸಿದ ಎಲೆಕ್ಟ್ರೋಡ್ ನೋಡಿ. ಒಣಗಿದ ಜೆಲ್, ಸಡಿಲ ಬಟನ್, ಬೆವರು, ನಡುಕ ಇವೇ ಹೆಚ್ಚಿನ ಸುಳ್ಳು ಅಲಾರ್ಮ್‌ಗಳಿಗೆ ಕಾರಣ. ಆಮೇಲೆ ಸುತ್ತಲಿನ ಫೋನುಗಳನ್ನು ಎರಡು ಮೂರು ಮೀಟರ್ ಆಚೆ ಕಳಿಸಿ. ಗೆರೆ ಕೂಡಲೇ ತಿಳಿಯಾದರೆ ಕಾರಣ ಸಿಕ್ಕಿತು. ಖಚಿತಪಡಿಸಿಕೊಳ್ಳಲೆಂದು ಫೋನನ್ನು ಮತ್ತೆ ಹತ್ತಿರ ತರುವ ಪ್ರಯೋಗವನ್ನು ರೋಗಿ ಜೋಡಿಸಿರುವಾಗ ಮಾಡಬಾರದು.

ರೋಗಿಯ ಕಡೆಯವರು ಇದನ್ನು ಕಂಡರೆ ನರ್ಸ್ ಅವರನ್ನು ಕರೆಯಿರಿ, ನಿಮ್ಮ ಬಳಿ ಫೋನ್ ಇತ್ತು ಎಂಬುದನ್ನು ಮುಚ್ಚಿಡದೆ ಹೇಳಿ. ಆ ಒಂದು ಮಾತು ಕಾರಣ ಹುಡುಕುವ ಸಮಯ ಉಳಿಸುತ್ತದೆ.

ನನ್ನಂಥವರು ಮಾಡುವ ಪರೀಕ್ಷೆ

ಆಸ್ಪತ್ರೆಯ ತಾಂತ್ರಿಕ ವಿಭಾಗ ತನ್ನ ಯಂತ್ರಗಳನ್ನು ತಾನೇ ಪರೀಕ್ಷಿಸಲು ಅಮೆರಿಕದ ಮಾನದಂಡ ಸಂಸ್ಥೆಯ ಎಎನ್‌ಎಸ್‌ಐ ಸಿ63.18 ಎಂಬ ಶಿಫಾರಸು ಕ್ರಮ ಇದೆ. ಸಾರ ಇಷ್ಟು: ಯಂತ್ರವನ್ನು ರೋಗಿಯಿಂದ ಬಿಡಿಸಿ, ರೋಗಿಯ ಸಂಕೇತಗಳನ್ನು ಅನುಕರಿಸುವ ಸಿಮ್ಯುಲೇಟರಿಗೆ ಜೋಡಿಸಿ. ತಂತಿಗಳನ್ನು ಬಳಕೆಯಲ್ಲಿ ಇರುವಂತೆಯೇ ಹರಡಿ, ಸುತ್ತಿಡಬೇಡಿ. ಸೂಕ್ಷ್ಮತೆಯನ್ನು ಬಳಕೆಯಲ್ಲಿನ ಅತಿ ಹೆಚ್ಚಿನ ಮಟ್ಟಕ್ಕೆ ಇಡಿ. ಪ್ರಸಾರ ಮಾಡುತ್ತಿರುವ ಸಾಧನವನ್ನು ದೂರದಿಂದ ನಿಧಾನವಾಗಿ ತನ್ನಿ, ನೆಟ್ಟಗೆ ಹಿಡಿದು ಒಮ್ಮೆ, ಅಡ್ಡ ಹಿಡಿದು ಒಮ್ಮೆ. ಪೆಟ್ಟಿಗೆಯ ಎಲ್ಲ ಮಗ್ಗುಲು, ತಂತಿಯ ಉದ್ದ, ಕನೆಕ್ಟರುಗಳ ಬಳಿ ಸಾಗಿಸಿ. ಯಂತ್ರ ಪ್ರತಿಕ್ರಿಯಿಸಿದಲ್ಲಿ ನಿಂತು ದೂರ ಅಳೆದು ಬರೆದುಕೊಳ್ಳಿ. ಸಿಗ್ನಲ್ ಚೆನ್ನಾಗಿರುವ ಕೋಣೆಯಲ್ಲಿ ಮೊಬೈಲ್ ಹಿಡಿದು ಪರೀಕ್ಷಿಸಿದರೆ ಸುಳ್ಳು ಸಮಾಧಾನ ಸಿಗುತ್ತದೆ, ಫೋನ್ ಆಗ ತನ್ನ ಗರಿಷ್ಠ ಶಕ್ತಿಯ ಹತ್ತಿರಕ್ಕೂ ಹೋಗಿರುವುದಿಲ್ಲ.

ಪರೀಕ್ಷೆಯ ಮೊದಲು ಯಂತ್ರದ ಮೈ ನೋಡಿ. ಪ್ಲಾಸ್ಟಿಕ್ ಕವಚದ ಒಳಮೈಗೆ ವಿದ್ಯುತ್ ಹರಿಸುವ ಲೇಪ ಇರುತ್ತದೆ, ಅಂಚುಗಳಲ್ಲಿ ಲೋಹದ ಚಿಕ್ಕ ಸ್ಪ್ರಿಂಗುಗಳಿರುತ್ತವೆ. ಅಲೆಗಳನ್ನು ಹೊರಗಿಡುವುದು ಇವೇ. ರಿಪೇರಿ ಮಾಡಿದವರು ಎಂಟು ಸ್ಕ್ರೂ ಬಿಚ್ಚಿ ಐದನ್ನೇ ಹಾಕಿ ಮುಚ್ಚಿದ್ದರೆ ಅಲ್ಲೊಂದು ಬಿರುಕು ಉಳಿಯುತ್ತದೆ. 1800 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್. ಅದರ ಅರ್ಧದಷ್ಟು ಉದ್ದದ ಬಿರುಕು ಆ ಅಲೆಗೆ ತೆರೆದ ಬಾಗಿಲು. ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದ, ಅಲೆ ತಡೆಯುವ ಲೋಹದ ಹೊದಿಕೆ (ಶೀಲ್ಡ್) ಇಲ್ಲದ ಲೀಡ್ ಕೇಬಲ್ ಕೂಡ ಹಾಗೆಯೇ. ಕಾರ್ಖಾನೆಯಿಂದ ಬಂದಾಗ ಮಾನದಂಡ ದಾಟಿದ್ದ ಯಂತ್ರ ಇಂಥ ಕಾರಣಗಳಿಂದ ತನ್ನ ತಡೆಯುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಅಡಚಣೆಯ ದೂರು ಬಂದ ಯಂತ್ರದಲ್ಲಿ ನಾನು ಮೊದಲು ಎಣಿಸುವುದು ಸ್ಕ್ರೂಗಳನ್ನು.

ಪ್ರತಿ ಘಟನೆಯನ್ನೂ ದಾಖಲೆ ಪುಸ್ತಕಕ್ಕೆ ಬರೆಯಿರಿ: ಯಂತ್ರದ ಮಾದರಿ ಮತ್ತು ಕ್ರಮಸಂಖ್ಯೆ, ಫೋನ್ ಯಾವುದು, ಎಷ್ಟು ದೂರದಲ್ಲಿತ್ತು, ಕರೆ ನಡೆಯುತ್ತಿತ್ತೇ, ಸಿಗ್ನಲ್ ಕಡ್ಡಿ ಎಷ್ಟಿತ್ತು, ಯಂತ್ರ ಏನು ಮಾಡಿತು, ಫೋನ್ ಸರಿಸಿದ ಮೇಲೆ ತಾನಾಗಿ ಸರಿಹೋಯಿತೇ ಅಥವಾ ಆಫ್ ಮಾಡಿ ಆನ್ ಮಾಡಬೇಕಾಯಿತೇ. ಕೊನೆಯ ಪ್ರಶ್ನೆಯ ಉತ್ತರ ತಯಾರಕರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು. ತಾನಾಗಿ ಸರಿಹೋಗದ ಯಂತ್ರವನ್ನು ಬಳಕೆಯಿಂದ ತೆಗೆದು ಚೀಟಿ ಅಂಟಿಸಿ. ತಯಾರಕರಿಗೂ ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಗೂ ವರದಿ ಕಳಿಸಿ. ಸಿಮ್ಯುಲೇಟರಿನ ಮೇಲೆ ಮತ್ತೆ ಪರೀಕ್ಷಿಸಿ ಪಾಸಾಗುವವರೆಗೆ ಅದು ಹಾಸಿಗೆಯ ಬಳಿಗೆ ಹಿಂತಿರುಗಬಾರದು, ವಾರ್ಡಿನಲ್ಲಿ ಎಷ್ಟೇ ಕೊರತೆಯಿದ್ದರೂ.